ಸೀತಾಂಗೋಳಿಯ ಬೆಳದಿಂಗಳು

ಹುಣ್ಣಿಮೆಯ ರಾತ್ರಿ ಮೊಬೈಲನ್ನು ಆಕಾಶಕ್ಕೆ ಎತ್ತಿ ಹಿಡಿಯದವರು ನಮ್ಮ ಓದುಗರಲ್ಲಿ ಯಾರಾದರೂ ಇದ್ದಾರೆಯೇ? ಇರಲಾರರು ಎಂದೇ ನಮ್ಮ ಎಣಿಕೆ. ರಾತ್ರಿಯ ಜಪಸರ ಮುಗಿಸಿ ಅಂಗಳಕ್ಕೆ ಬಂದಾಗ ತೆಂಗಿನ ಗರಿಗಳ ಎಡೆಯಲ್ಲಿ ಚಂದ್ರ ಕಾಣುತ್ತಾನೆ. ಹಿತ್ತಾಳೆಯ ಹರಿವಾಣದಷ್ಟು ದೊಡ್ಡದಾಗಿ, ಇನ್ನೇನು ತೋಟದೊಳಗೇ ಇಳಿದು ಬರುವವನಂತೆ ಕಾಣುತ್ತಾನೆ. ಮಕ್ಕಳನ್ನು ಕರೆಯುತ್ತೇವೆ, ಪಟ ತೆಗೆಯುತ್ತೇವೆ. ಆಮೇಲೆ ನೋಡಿದರೆ ಕರಿ ಬಟ್ಟೆಗೆ ಅಂಟಿದ ಅನ್ನದ ಅಗುಳಿನಂಥ ಒಂದು ಬಿಳಿ ಚುಕ್ಕೆ! ಅದನ್ನೂ ಬಿಡದೆ ಕುಟುಂಬದ ವಾಟ್ಸಾಪ್ ಗುಂಪಿಗೆ ಕಳುಹಿಸುತ್ತೇವೆ. ದುಬಾಯಿಯಿಂದಲೋ ಕುವೈಟಿನಿಂದಲೋ ಒಂದು ಹೆಬ್ಬೆರಳಿನ ಗುರುತು ಬರುತ್ತದೆ. ಅಲ್ಲಿಗೆ ಆ ತಿಂಗಳ ಹುಣ್ಣಿಮೆ ಮುಗಿಯಿತು.

ಆ ಅನ್ನದ ಅಗುಳನ್ನು ಒಪ್ಪಿಕೊಳ್ಳದ ಒಬ್ಬರ ವಿಷಯವನ್ನು ಈ ಸಲ ಬರೆಯೋಣ ಎಂದುಕೊಂಡಿದ್ದೇವೆ. ಹೆಸರು ಹಾಕುವುದು ಬೇಡ ಎಂದಿದ್ದಾರೆ. ಸೀತಾಂಗೋಳಿಯ ಕಡೆಯವರು, ಪ್ರಾಯ ಐವತ್ತರ ಹತ್ತಿರ. ಮನೆಗಳಿಗೆ ವಯರಿಂಗ್ ಮಾಡುವುದು ಅವರ ಕೆಲಸ. ಗಲ್ಫಿನಲ್ಲೂ ಅದೇ ಕೆಲಸ ಮಾಡಿಕೊಂಡಿದ್ದವರು, 2020ರ ಕೊರೋನಾ ವರ್ಷದಲ್ಲಿ ಊರಿಗೆ ಮರಳಿದರು. ಬರುವಾಗ ತಂದದ್ದು ಒಂದು ಕ್ಯಾಮೆರಾ, ಜೊತೆಗೆ ಉದ್ದನೆಯ ಒಂದು ಲೆನ್ಸು. ರೂಮಿನಲ್ಲಿ ಜೊತೆಗಿದ್ದವರೊಬ್ಬರು ಅಗ್ಗಕ್ಕೆ ಮಾರಿ ಹೋದದ್ದಂತೆ. 'ಚಿನ್ನ ತರುವ ಬದಲು ಇದನ್ನು ತಂದರು ಫಾದರ್' ಎಂದು ಅವರ ಮನೆಯವರು ಈಗಲೂ ನಮ್ಮ ಮುಂದೆ ದೂರು ಹೇಳುವುದುಂಟು. ಹುಣ್ಣಿಮೆಯ ಸಂಜೆ ಫ್ಲಾಸ್ಕಿಗೆ ಚಾ ತುಂಬಿಸಿ ಕೊಡುವವರೂ ಅವರೇ.

ಸೀತಾಂಗೋಳಿಯನ್ನು ನೋಡದವರಿಗಾಗಿ ಎರಡು ಮಾತು. ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ, ಪುತ್ತಿಗೆ ಪಂಚಾಯತಿನಲ್ಲಿ ಸಿಗುವ ಪೇಟೆ ಅದು. ಹತ್ತಿರದಲ್ಲೇ ಬೇಳ. ಅಲ್ಲಿಯ ಶೋಕಮಾತೆಯ ದೇವಾಲಯ 1890ರಷ್ಟು ಹಳೆಯದು. ಈಗ ಸೀತಾಂಗೋಳಿಯಲ್ಲಿ ಕೈಗಾರಿಕಾ ಪಾರ್ಕು ಇದೆ, 2012ರಲ್ಲಿ ಶುರುವಾದ ಎಚ್‌ಎಎಲ್ ಘಟಕವೂ ಇದೆ. ಆದರೂ ಪೇಟೆ ಬಿಟ್ಟು ಸ್ವಲ್ಪ ನಡೆದರೆ ಮುರಕಲ್ಲಿನ ಪಾರೆಗಳು ಸಿಗುತ್ತವೆ. 1800-01ರಲ್ಲಿ ನಮ್ಮ ಸೀಮೆಯಲ್ಲೆಲ್ಲ ತಿರುಗಾಡಿದ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಈ ಕಲ್ಲಿಗೆ 'ಲ್ಯಾಟರೈಟ್' ಎಂದು ಹೆಸರಿಟ್ಟ. ಲತೀನಿನಲ್ಲಿ 'ಲಾತೆರ್' ಎಂದರೆ ಇಟ್ಟಿಗೆ. ಗುರುಮಠದಲ್ಲಿ ಕಷ್ಟಪಟ್ಟು ಕಲಿತ ಲತೀನು ಇಂಥಲ್ಲಿ ಉಪಯೋಗಕ್ಕೆ ಬರುತ್ತದೆ ನೋಡಿ! ಬೇಸಿಗೆಯಲ್ಲಿ ಪಾರೆ ಎಂದರೆ ಕಾದ ಕಾವಲಿ. ಮಳೆಗಾಲದಲ್ಲಿ ಅದೇ ಹೂವಿನ ಹಾಸು. ನಡುವೆ ಅಲ್ಲೊಂದು ಇಲ್ಲೊಂದು ಒಂಟಿ ಮರ. ನಮ್ಮ ಕಥೆಯ ಮರ ಒಂದು ಕಾಸರಕ. ಕಾಸರಗೋಡು ಎಂಬ ಹೆಸರೇ ಈ ಮರದಿಂದ ಬಂತೆಂದು ಹೇಳುವವರಿದ್ದಾರೆ. 2023ರಲ್ಲಿ ಇದನ್ನೇ ಜಿಲ್ಲೆಯ ಮರವೆಂದು ಸಾರಲಾಯಿತು.

ಆ ಕಾಸರಕದ ಹಿಂದಿನಿಂದ ಹುಣ್ಣಿಮೆಯ ಚಂದ್ರ ಏಳುವ ಒಂದು ಪಟ ಬೇಕು ಎಂಬುದು ನಮ್ಮ ಗೆಳೆಯರ ಹಟ. ಕೇಳಲು ಎಷ್ಟು ಸುಲಭ! ಐದು ವರ್ಷ ಹಿಡಿಯಿತು.

ಮೊದಲ ವರ್ಷ ಅವರಿಗೆ ಸಿಕ್ಕಿದ್ದೂ ನಮ್ಮ ನಿಮ್ಮ ಅನ್ನದ ಅಗುಳೇ. ಕಾರಣ ಏನೆಂದು ತಿಳಿಯಬೇಕಾದರೆ ಮುಂದಿನ ಹುಣ್ಣಿಮೆಗೆ ನೀವೊಂದು ಪರೀಕ್ಷೆ ಮಾಡಿ. ಕೈಯನ್ನು ಪೂರ್ತಿ ಚಾಚಿ, ಕಿರುಬೆರಳಿನ ತುದಿಯನ್ನು ಚಂದ್ರನ ಮುಂದೆ ಹಿಡಿಯಿರಿ. ಹರಿವಾಣದಷ್ಟು ದೊಡ್ಡ ಚಂದ್ರ ಬೆರಳಿನ ಹಿಂದೆ ಪೂರ್ತಿ ಮರೆಯಾಗುತ್ತಾನೆ, ಇನ್ನೂ ಜಾಗ ಉಳಿಯುತ್ತದೆ. ಆಕಾಶದಲ್ಲಿ ಅವನು ಹಿಡಿಯುವ ಜಾಗ ಅರ್ಧ ಡಿಗ್ರಿ ಮಾತ್ರ. ಮರಗಳ ಹಿಂದೆ, ಗುಡ್ಡದ ಅಂಚಿನಲ್ಲಿ ಇರುವಾಗ ದೊಡ್ಡದಾಗಿ ಕಾಣುವುದು ನಮ್ಮ ಮನಸ್ಸಿನ ಆಟ. ನೆತ್ತಿಯ ಮೇಲೆ ಬಂದಾಗಲೂ ಅವನ ಅಳತೆ ಅಷ್ಟೇ. ಕ್ಯಾಮೆರಾಕ್ಕೆ ಮನಸ್ಸಿಲ್ಲ, ಅದು ಇದ್ದದ್ದನ್ನು ಇದ್ದ ಹಾಗೆ ಬರೆದುಕೊಳ್ಳುತ್ತದೆ. ಲೆನ್ಸಿನ ನಾಭಿದೂರವನ್ನು 110ರಿಂದ ಭಾಗಿಸಿದರೆ ಒಳಗೆ ಬೀಳುವ ಚಂದ್ರನ ಅಳತೆ ಸಿಗುತ್ತದೆ. 50 ಮಿಲಿಮೀಟರ್ ಲೆನ್ಸಿನಲ್ಲಿ ಅರ್ಧ ಮಿಲಿಮೀಟರೂ ಇಲ್ಲ. ನಮ್ಮ ಗೆಳೆಯರ 300ರ ಲೆನ್ಸಿನಲ್ಲಿ ಮೂರು ಮಿಲಿಮೀಟರಿಗೆ ಸ್ವಲ್ಪ ಕಡಿಮೆ. ಪತ್ರಿಕೆಗಳು 'ಸೂಪರ್ ಮೂನ್' ಎಂದು ಎಷ್ಟು ಕೂಗಿದರೂ, ಭೂಮಿಗೆ ಅತಿ ಹತ್ತಿರದ ಹುಣ್ಣಿಮೆಗೂ ಅತಿ ದೂರದ ಹುಣ್ಣಿಮೆಗೂ ಅಗಲದಲ್ಲಿ ವ್ಯತ್ಯಾಸ ಶೇಕಡಾ 14ರಷ್ಟು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡದೆ ಯಾರಿಗೂ ಗೊತ್ತಾಗುವುದಿಲ್ಲ.

ಸಣ್ಣದಾಗುವುದಕ್ಕೆ ಕಾರಣ ಇದು. ಬಿಳಿ ಚುಕ್ಕೆಯಾಗುವುದಕ್ಕೆ ಕಾರಣ ಬೇರೆ. ಚಂದ್ರ ಬೆಳ್ಳಗಿದ್ದಾನೆ ಎಂಬುದೇ ನಮ್ಮ ಕಲ್ಪನೆ. ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಹನ್ನೆರಡು ಪಾಲನ್ನು ಮಾತ್ರ ಅವನು ತಿರುಗಿ ಕಳುಹಿಸುತ್ತಾನೆ; ಅಂದರೆ ನಮ್ಮ ಹಳೆಯ ಟಾರು ರಸ್ತೆಯ ಬಣ್ಣ! ಆದರೆ ಆ ರಸ್ತೆಯ ಮೇಲೆ ನಡುಹಗಲಿನ ಬಿಸಿಲು ಬಿದ್ದಿದೆ, ನಾವು ಅದನ್ನು ಕತ್ತಲೆಯಲ್ಲಿ ನಿಂತು ನೋಡುತ್ತಿದ್ದೇವೆ. ಕ್ಯಾಮೆರಾ ಸುತ್ತಲಿನ ಕತ್ತಲೆಯನ್ನು ನೋಡಿ, 'ಬೆಳಕು ಸಾಲದು' ಎಂದು ಕಣ್ಣನ್ನು ಅಗಲಿಸಿ ಕುಳಿತುಬಿಡುತ್ತದೆ. ಚಂದ್ರನಿಗೆ ಬೇಕಾದದ್ದು ಹಗಲಿನ ಅಳತೆ: ಐಎಸ್‌ಒ 100, ಎಫ್ 11, ಸೆಕೆಂಡಿನ ನೂರರಲ್ಲೊಂದು ಪಾಲು. ಫೋಟೋ ತೆಗೆಯುವವರು ಬಾಯಿಪಾಠ ಮಾಡುವ ಲೆಕ್ಕವಿದು. ಅದನ್ನು ಹಾಕಿದ ರಾತ್ರಿ ನಮ್ಮ ಗೆಳೆಯರಿಗೆ ಮೊದಲ ಸಲ ಚಂದ್ರನ ಮುಖ ಸಿಕ್ಕಿತು. ಮರುದಿನ ಬೆಳಗ್ಗಿನ ಪೂಜೆ ಮುಗಿಯುವುದನ್ನೇ ಕಾದಿದ್ದು ನಮಗೆ ತೋರಿಸಿದರು.

ಆ ಪಟದಲ್ಲಿ ಕಂಡ ಕಪ್ಪು ಮಚ್ಚೆಗಳ ವಿಷಯ ಅವರಿಗೆ ಹೇಳುವ ಭಾಗ್ಯ ನಮ್ಮದಾಯಿತು. ಶಾಂತಿ ಸಾಗರ, ಮಳೆಯ ಸಾಗರ ಎಂಬ ಅರ್ಥದ ಹೆಸರುಗಳನ್ನು ಅವುಗಳಿಗೆ ಇಟ್ಟವರು ಇಟಲಿಯ ಯೇಸುಸಭೆಯ ಗುರು ರಿಚ್ಚೋಲಿ. ಅವರ ಗ್ರಂಥ ಅಚ್ಚಾದದ್ದು 1651ರಲ್ಲಿ. ನಕ್ಷೆ ಬರೆದುಕೊಟ್ಟವರು ಅದೇ ಸಭೆಯ ಗ್ರಿಮಾಲ್ಡಿ. ನೀರಿಲ್ಲದ ಆ ಶಾಂತಿ ಸಾಗರದಲ್ಲೇ 1969ರಲ್ಲಿ ಮನುಷ್ಯ ಇಳಿದದ್ದು. ಗೆಳೆಯರು ಎಲ್ಲವನ್ನೂ ಗಂಭೀರವಾಗಿ ಕೇಳಿ, 'ಅವರಿಗೆ ಕ್ಯಾಮೆರಾ ಇರಲಿಲ್ಲವಲ್ಲ ಫಾದರ್, ಕಣ್ಣಲ್ಲಿ ನೋಡಿ ಬರೆದದ್ದಾ?' ಎಂದರು. ಹೌದು, ದುರ್ಬೀನಿನಲ್ಲಿ ನೋಡಿ ಕೈಯಲ್ಲಿ ಬರೆದದ್ದು. ಕ್ಯಾಮೆರಾ ಬಂದದ್ದು ಎಷ್ಟೋ ಕಾಲದ ಅನಂತರ. 1840ರಲ್ಲಿ ನ್ಯೂಯಾರ್ಕಿನ ರಸಾಯನಶಾಸ್ತ್ರಜ್ಞ ಜಾನ್ ವಿಲಿಯಂ ಡ್ರೇಪರ್ ಚಂದ್ರನ ಸ್ಪಷ್ಟ ಚಿತ್ರವೊಂದನ್ನು ಮೊದಲ ಬಾರಿಗೆ ಹಿಡಿದಾಗ ತಗಡಿನ ಮೇಲೆ ಬೆಳಕು ಬೀಳಿಸಲು 20 ನಿಮಿಷ ಬೇಕಾಯಿತಂತೆ.

ಮುಖ ಸಿಕ್ಕಿತು, ಸರಿ. ಮರ ಎಲ್ಲಿ? ಚಂದ್ರನ ಮುಖಕ್ಕೆ ಅಳತೆ ಹೊಂದಿಸಿದರೆ ಮರ, ಪಾರೆ ಎಲ್ಲವೂ ಮಸಿಯಂತೆ ಕಪ್ಪು. ಮರಕ್ಕೆ ಹೊಂದಿಸಿದರೆ ಚಂದ್ರ ಮತ್ತೆ ಬಿಳಿ ಚುಕ್ಕೆ. ಇದಕ್ಕೆ ಇರುವ ಉಪಾಯ ಹುಣ್ಣಿಮೆಯ ಹಿಂದಿನ ದಿನ, ಚತುರ್ದಶಿಯಂದು ಹೋಗುವುದು. ದಿನದಿಂದ ದಿನಕ್ಕೆ ಚಂದ್ರ ಸುಮಾರು 50 ನಿಮಿಷ ತಡವಾಗಿ ಏಳುತ್ತಾನೆ. ಹುಣ್ಣಿಮೆಯಂದು ಸೂರ್ಯ ಮುಳುಗುವ ಹೊತ್ತಿಗೆ ಅವನ ಉದಯವಾದರೆ, ಹಿಂದಿನ ದಿನ ಇನ್ನೂ ಬಿಸಿಲಿರುವಾಗಲೇ ಎದ್ದಿರುತ್ತಾನೆ. ಮರದ ಮೇಲೂ ಬೆಳಕು, ಚಂದ್ರನ ಮೇಲೂ ಬೆಳಕು. ಇಬ್ಬರೂ ಒಂದೇ ಪಟದಲ್ಲಿ ಜಗಳವಾಡದೆ ನಿಲ್ಲುವುದು ಹತ್ತು ಹದಿನೈದು ನಿಮಿಷ ಮಾತ್ರ.

ಅಮೆರಿಕದ ಆನ್ಸೆಲ್ ಆಡಮ್ಸ್ ಎಂಬ ಹೆಸರಾಂತ ಛಾಯಾಗ್ರಾಹಕನ ಅತಿ ಪ್ರಸಿದ್ಧ ಚಿತ್ರ ಇಂಥ ಒಂದು ಸಂಜೆಯದ್ದು. ನ್ಯೂ ಮೆಕ್ಸಿಕೋದ ಹೆರ್ನಾಂಡೆಸ್ ಎಂಬ ಹಳ್ಳಿ. ಮೇಲೆ ಹುಣ್ಣಿಮೆಗೆ ಹತ್ತಿರದ ಚಂದ್ರ, ಕೆಳಗೆ ಪುಟ್ಟ ದೇವಾಲಯ, ಸಮಾಧಿಭೂಮಿಯ ಬಿಳಿ ಶಿಲುಬೆಗಳ ಮೇಲೆ ಕೊನೆಯ ಬಿಸಿಲು. ಕಾರು ನಿಲ್ಲಿಸಿ ಕ್ಯಾಮೆರಾ ಹೂಡಿದರೆ ಬೆಳಕು ಅಳೆಯುವ ಮೀಟರೇ ಸಿಗಲಿಲ್ಲ. ಚಂದ್ರನ ಕಾಂತಿ ಎಷ್ಟೆಂಬುದು ಬಾಯಿಗೆ ಬರುತ್ತಿದ್ದುದರಿಂದ ಮನಸ್ಸಿನಲ್ಲೇ ಲೆಕ್ಕ ಹಾಕಿ ಒಂದು ಪಟ ತೆಗೆದ. ಎರಡನೆಯದಕ್ಕೆ ಸಿದ್ಧವಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿಬಿಟ್ಟಿತ್ತು. ತಮಾಷೆಯೆಂದರೆ ತೆಗೆದ ವರ್ಷವೇ ಅವನಿಗೆ ನೆನಪಿರಲಿಲ್ಲ. ಆಮೇಲೆ ಖಗೋಳ ಬಲ್ಲವರು ಚಿತ್ರದಲ್ಲಿ ಚಂದ್ರ ಇರುವ ಜಾಗ ನೋಡಿ ಲೆಕ್ಕ ಹಾಕಿ, 1941ರ ನವೆಂಬರ್ 1 ಎಂದು ಹೇಳಿದರು.

ನಮ್ಮ ಗೆಳೆಯರು ಕಲಿತ ಇನ್ನೊಂದು ಉಪಾಯ ಮರದಿಂದ ದೂರ ಹೋಗುವುದು. ಚಂದ್ರನನ್ನು ದೊಡ್ಡದು ಮಾಡಲು ನಮ್ಮಿಂದಾಗದು, ಮರವನ್ನು ಸಣ್ಣದು ಮಾಡಬಹುದಲ್ಲ! ಹತ್ತು ಮೀಟರ್ ಎತ್ತರದ ಮರವನ್ನು ಒಂದು ಕಿಲೋಮೀಟರಿಗಿಂತ ತುಸು ದೂರದಿಂದ ನೋಡಿದರೆ ಅದೂ ಅರ್ಧ ಡಿಗ್ರಿಯಷ್ಟೇ ಕಾಣುತ್ತದೆ. ಆಗ ಮರದಷ್ಟೇ ದೊಡ್ಡ ಚಂದ್ರ ಮರದ ಹಿಂದೆ ಏಳುತ್ತಾನೆ. ಅಷ್ಟು ದೂರದವರೆಗೆ ಅಡ್ಡವಿಲ್ಲದ ನೋಟ ಸಿಗಲು ಪಾರೆಯೇ ಆಗಬೇಕು. ತೋಟಗಳ ನಡುವೆ ಇರುವ ನಮಗೆ ಅದು ಸಾಧ್ಯವಿಲ್ಲ. ಆದರೆ ಚಂದ್ರ ಎರಡು ನಿಮಿಷದಲ್ಲಿ ತನ್ನ ಅಗಲದಷ್ಟು ದೂರ ಸರಿದುಬಿಡುತ್ತಾನೆ. ನಿಂತ ಜಾಗ ಹತ್ತು ಹೆಜ್ಜೆ ತಪ್ಪಿದರೂ ಅವನು ಮರದ ಪಕ್ಕದಿಂದ ಏಳುತ್ತಾನೆ. ಸಾಲದ್ದಕ್ಕೆ ಡಿಸೆಂಬರಿನ ಹುಣ್ಣಿಮೆ ಏಳುವುದು ಪೂರ್ವದಿಂದ ಉತ್ತರಕ್ಕೆ ಸರಿದು, ಜೂನಿನದ್ದು ದಕ್ಷಿಣಕ್ಕೆ ಸರಿದು. ಹೀಗಾಗಿ ಒಂದು ಮರಕ್ಕೆ ಒಂದು ನಿಲುವಿನಿಂದ ವರ್ಷದಲ್ಲಿ ಎರಡೋ ಮೂರೋ ಅವಕಾಶ. ಅದರಲ್ಲಿ ಮಳೆಗಾಲದ ಪಾಲು ಕಳೆಯಿರಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆ ನಮ್ಮದು. ಜೂನಿನಿಂದ ಸೆಪ್ಟೆಂಬರಿನವರೆಗಿನ ಹುಣ್ಣಿಮೆಗಳು ಪಂಚಾಂಗದಲ್ಲಿ ಮಾತ್ರ.

2022ರ ಅಕ್ಟೋಬರ್ 9ರ ಹುಣ್ಣಿಮೆಗೆ ಅವರು ಮರವನ್ನು ಬಿಟ್ಟು ಅನಂತಪುರದ ಕಡೆಯ ಗುಡ್ಡಕ್ಕೆ ಹೋಗಿದ್ದರು. ಅಲ್ಲಿಯ ಸರೋವರ ಕ್ಷೇತ್ರದ ಬಬಿಯಾ ಎಂಬ ಮೊಸಳೆಯ ಹೆಸರು ಕೇಳದವರಿಲ್ಲ. ನೈವೇದ್ಯದ ಅನ್ನ ತಿಂದು, ಯಾರಿಗೂ ತೊಂದರೆ ಕೊಡದೆ ಎಷ್ಟೋ ವರ್ಷ ಆ ನೀರಿನಲ್ಲಿದ್ದ ಜೀವ. ಎಲ್ಲ ಮತದವರೂ ನೋಡಲು ಹೋಗುತ್ತಿದ್ದರು, ನಮ್ಮ ಮಕ್ಕಳನ್ನೂ ಕರೆದುಕೊಂಡು ಹೋದವರಿದ್ದೀರಿ. ಆ ಹುಣ್ಣಿಮೆಯ ರಾತ್ರಿಯೇ ಬಬಿಯಾ ಸತ್ತುಹೋಯಿತು. ಮರುದಿನ ಸುದ್ದಿ ತಿಳಿದಾಗ ನಮ್ಮ ಗೆಳೆಯರಿಗೆ ಬೇಸರವಾದದ್ದು ಒಂದೇ ವಿಷಯಕ್ಕೆ: ಅಷ್ಟು ಸಲ ಆ ದಾರಿಯಲ್ಲಿ ಹೋಗಿ ಬಂದರೂ ಕಣ್ಣೆಲ್ಲ ಆಕಾಶದ ಮೇಲೇ ಇತ್ತು, ಬಬಿಯಾನ ಒಂದು ಪಟ ತೆಗೆದಿರಲಿಲ್ಲ. ಅಂದಿನಿಂದ ಅವರ ಲೆನ್ಸು ಸ್ವಲ್ಪ ಕೆಳಗೆ ಬಾಗಿತು.

ಕೆಳಗೆ ಬಾಗಿದರೆ ಸಿಗುವುದು ಕಡಿಮೆಯೇ? ಮಳೆ ನಿಂತ ಪಾರೆಯ ಮೇಲೆ ಅಂಗುಲದೆತ್ತರದ ನೀಲಿ ಹೂಗಳು. ಮಲೆಯಾಳದವರು 'ಕಾಕ್ಕಪ್ಪೂವು' ಎಂದು ಕರೆದು ಓಣಂ ಹೂವಿನ ರಂಗವಲ್ಲಿಗೆ ಬಳಸುವ ಹೂ ಅದು. ನೋಡಲು ಪಾಪದ ಗಿಡ, ಆದರೆ ಒದ್ದೆ ನೆಲದೊಳಗೆ ಸಣ್ಣ ಸಣ್ಣ ಚೀಲಗಳನ್ನು ಒಡ್ಡಿ ಹುಳ ಹಿಡಿದು ತಿನ್ನುತ್ತದೆ! ಬರಿ ಕಲ್ಲಿನ ಮೇಲೆ ಮೊಟ್ಟೆಯಿಟ್ಟು, ಯಾರಾದರೂ ಹತ್ತಿರ ಬಂದರೆ ಆಕಾಶ ಒಂದು ಮಾಡುವ ಟಿಟ್ಟಿಭ ಹಕ್ಕಿ. ಕುಂಬಳೆ ಪಂಚಾಯತಿನ ಕಿದೂರಿನಲ್ಲಿ 150ಕ್ಕೂ ಹೆಚ್ಚು ಬಗೆಯ ಹಕ್ಕಿಗಳನ್ನು ಗುರುತಿಸಲಾಗಿದೆ. ಗುರುತಿಸಿದವರಲ್ಲಿ ಹೆಚ್ಚಿನವರು ಸಂಬಳ ಪಡೆಯುವ ವಿಜ್ಞಾನಿಗಳಲ್ಲ. ಬೆಳಗಾತ ಎದ್ದು ಕ್ಯಾಮೆರಾ ಹೆಗಲಿಗೇರಿಸಿ ಹೋಗುವ ಹವ್ಯಾಸಿಗಳು. 2007ರಲ್ಲಿ ತೀರಿಹೋದ ನಮ್ಮ ಪೂರ್ಣಚಂದ್ರ ತೇಜಸ್ವಿಯವರೂ ಮೂಡಿಗೆರೆಯ ತೋಟದಲ್ಲಿ ಹಾಗೆಯೇ ಹಕ್ಕಿಗಳ ಹಿಂದೆ ಬಿದ್ದವರಲ್ಲವೇ? ಹವ್ಯಾಸ ಎಂದರೆ ಕೆಲಸವಿಲ್ಲದವರ ಕೆಲಸ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಕೂಲಿ ಇಲ್ಲದೆ, ಹೊಗಳಿಕೆ ಇಲ್ಲದೆ ಒಂದೇ ಕಡೆ ಮತ್ತೆ ಮತ್ತೆ ಹೋಗಿ ನೋಡುವವರು ಇಲ್ಲದಿದ್ದರೆ ಊರಿನಲ್ಲಿ ಏನಿತ್ತು, ಏನು ಹೋಯಿತು ಎಂದು ಹೇಳುವವರೇ ಇರುವುದಿಲ್ಲ.

ಇಷ್ಟೆಲ್ಲ ಯಾಕೆ, ಈಗಿನ ಮೊಬೈಲಿನಲ್ಲೇ ಚಂದ್ರ ಚೆನ್ನಾಗಿ ಬರುತ್ತಾನಲ್ಲ ಎಂದು ಯುವಕರು ಕೇಳುತ್ತಾರೆ. ಬರುತ್ತಾನೆ, ನಿಜ. ಹೇಗೆ ಬರುತ್ತಾನೆ ಎಂಬುದು 2023ರಲ್ಲಿ ದೊಡ್ಡ ಚರ್ಚೆಯಾಯಿತು. ಒಬ್ಬಾತ ಚಂದ್ರನ ಚಿತ್ರವೊಂದನ್ನು ಬೇಕೆಂದೇ ಮಸುಕು ಮಾಡಿ, ಕಂಪ್ಯೂಟರಿನ ಪರದೆಯಲ್ಲಿಟ್ಟು, ಕತ್ತಲೆ ಕೋಣೆಯಲ್ಲಿ ದೂರ ನಿಂತು ಫೋನಿನಿಂದ ಪಟ ತೆಗೆದ. ಪರದೆಯಲ್ಲಿ ಇಲ್ಲದ ಕುಳಿಗಳೂ ಕಲೆಗಳೂ ಪಟದಲ್ಲಿ ಮೂಡಿದವು! ಚಂದ್ರ ಹೀಗಿರುತ್ತಾನೆ ಎಂದು ಮೊದಲೇ ಕಲಿತಿದ್ದ ಫೋನು ತಾನೇ ಬರೆದು ಕೊಟ್ಟಿತ್ತು. ಇನ್ನು ಉತ್ತರ ಧ್ರುವದಲ್ಲಿ ಗುಡ್ಡದಷ್ಟು ದೊಡ್ಡ ಚಂದ್ರ, ಅದರ ಕೆಳಗೆ ಪುಟ್ಟ ಸೂರ್ಯ ಇರುವ ಚಿತ್ರವಂತೂ ನಿಮ್ಮೆಲ್ಲರ ಫೋನಿಗೂ ಬಂದಿರಬೇಕು. ಅದು ಜರ್ಮನಿಯ ವಿದ್ಯಾರ್ಥಿನಿಯೊಬ್ಬರು ಕಂಪ್ಯೂಟರಿನಲ್ಲಿ ರಚಿಸಿದ ಕಲೆ. ಅವರು ಯಾರಿಗೂ ಸುಳ್ಳು ಹೇಳಿರಲಿಲ್ಲ. ಸುಳ್ಳು ಸೇರಿಸಿ ಮುಂದೆ ಕಳುಹಿಸಿದವರು ಬೇರೆ. ಇದಕ್ಕೆ ವಿರುದ್ಧವಾಗಿ, 2021ರಲ್ಲಿ ಪುಣೆಯ ಪ್ರಥಮೇಶ್ ಜಾಜು ಎಂಬ 16 ವರ್ಷದ ಹುಡುಗ ಒಂದೇ ರಾತ್ರಿಯಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ದುರ್ಬೀನಿನ ಮೂಲಕ ತೆಗೆದು, ಜೋಡಿಸಿ, ಚಂದ್ರನ ಒಂದು ಅದ್ಭುತ ಚಿತ್ರ ಮಾಡಿದ. ಅದೂ ಕಂಪ್ಯೂಟರಿನ ಕೆಲಸವೇ. ಆದರೆ ಅದರ ಒಂದೊಂದು ಚೂರೂ ನಿಜವಾದ ಚಂದ್ರನಿಂದ ಬಂದ ಬೆಳಕು. ವ್ಯತ್ಯಾಸ ಮಕ್ಕಳಿಗೆ ತಿಳಿಸಿ ಹೇಳಬೇಕಾದದ್ದೇ.

ನಮ್ಮ ಗೆಳೆಯರಿಗೆ ಮರದ ಹಿಂದಿನ ಚಂದ್ರ ಸಿಕ್ಕಿದ್ದು 2025ರ ಜನವರಿಯಲ್ಲಿ. ಒಳ್ಳೆಯ ಪಟ. ಚೌಕಟ್ಟು ಹಾಕಿಸಿ ಚಾವಡಿಯಲ್ಲಿ ತೂಗುಹಾಕಿದ್ದಾರೆ. ಬರೆಯಲು ಅಷ್ಟೇ ಇದ್ದಿದ್ದರೆ ಈ ಲೇಖನ ಇಲ್ಲಿಗೆ ಮುಗಿಯುತ್ತಿತ್ತು.

ಅದೇ ವರ್ಷ ಸೆಪ್ಟೆಂಬರ್ 7ರಂದು, ಭಾನುವಾರ ರಾತ್ರಿ ಪೂರ್ಣ ಚಂದ್ರಗ್ರಹಣ. ಮರುದಿನ ನಮಗೆ ಮೊಂತಿ ಹಬ್ಬ. ಮನೆಮನೆಗಳಲ್ಲಿ ಹಬ್ಬದ ತರಕಾರಿ ಹೆಚ್ಚುವ ಗಡಿಬಿಡಿ. ಇವರು ಮಾತ್ರ ಕೊಡೆ, ಕ್ಯಾಮೆರಾ ಹಿಡಿದು ಪಾರೆಗೆ ಹೋದರು. ಮೋಡ ಬಂದು ಹೋಗಿ ಮಾಡುತ್ತಿದ್ದ ರಾತ್ರಿ. ರಾತ್ರಿ 11ರಿಂದ 12 ಗಂಟೆ 22 ನಿಮಿಷದವರೆಗೆ ಚಂದ್ರ ಪೂರ್ತಿಯಾಗಿ ಭೂಮಿಯ ನೆರಳಿನೊಳಗಿದ್ದ. ಮೋಡದ ಎಡೆಯಲ್ಲಿ ಕಂಡಷ್ಟು ಹೊತ್ತು ತಾಮ್ರದ ಬಣ್ಣ. ಮೂರು ನಾಲ್ಕು ಪಟ ಸಿಕ್ಕಿತು, ಎಲ್ಲ ಮಸುಕು. ಆದರೆ ಅವರು ನಮ್ಮಲ್ಲಿಗೆ ಬಂದು ಹೇಳಿದ್ದು ಚಂದ್ರನ ವಿಷಯ ಅಲ್ಲವೇ ಅಲ್ಲ. 'ಗ್ರಹಣ ಹಿಡಿದಾಗ ನೆಲ ಕತ್ತಲಾಗಬೇಕಿತ್ತು. ತಿರುಗಿ ನೋಡಿದರೆ ಪಾರೆ ಮೊದಲು ಹೇಗಿತ್ತೋ ಹಾಗೇ ಇದೆ. ಚಂದ್ರ ಹೋದದ್ದು ಪಾರೆಗೆ ಗೊತ್ತೇ ಆಗಲಿಲ್ಲ ಫಾದರ್.'

ಸುತ್ತಲಿನ ದೀಪಗಳು. ಮನೆಗಳ ಮೂಲೆಯ ಫ್ಲಡ್‌ಲೈಟು, ಬೀದಿಯ ಎಲ್‌ಇಡಿ, ದೂರದ ಹೆದ್ದಾರಿಯ ಸಾಲು, ಅವೆಲ್ಲ ಮೋಡಕ್ಕೆ ಹೊಡೆದು ತಿರುಗಿ ಬೀಳುವ ಬೆಳಕು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಚಂದ್ರನ ಪಟ ತೆಗೆಯಲು ದೀಪಗಳು ಅಡ್ಡಿಯಲ್ಲ. ಮುಂಬಯಿಯ ನಡುಪೇಟೆಯಲ್ಲಿ ನಿಂತೂ ತೆಗೆಯಬಹುದು. ದೀಪಕ್ಕೆ ಸೋಲುವುದು ಚಂದ್ರನಲ್ಲ, ಬೆಳದಿಂಗಳು. ಸೂರ್ಯನ ಬೆಳಕು ಹುಣ್ಣಿಮೆಯ ಬೆಳಕಿನ ನಾಲ್ಕು ಲಕ್ಷ ಪಟ್ಟು. ಬೆಳದಿಂಗಳು ಅಷ್ಟು ತೆಳುವಾದ ವಸ್ತು. ಆದರೂ ಕ್ಯಾಮೆರಾವನ್ನು ಮೂರು ಕಾಲಿನ ಮೇಲಿಟ್ಟು ಹದಿನೈದು ಇಪ್ಪತ್ತು ಸೆಕೆಂಡು ಕಣ್ಣು ತೆರೆಸಿದರೆ ಅದರಲ್ಲಿ ಹುಲ್ಲು ಹಸಿರಾಗಿಯೂ ಮುರಕಲ್ಲು ಕೆಂಪಾಗಿಯೂ ಬರುತ್ತದೆ; ಹಗಲೇ ಎನ್ನಬೇಕು, ಮೇಲೆ ನೋಡಿದರೆ ನಕ್ಷತ್ರಗಳು! ಬಣ್ಣ ಅಲ್ಲೇ ಇರುತ್ತದೆ, ಅಷ್ಟು ಕಡಿಮೆ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ ಅಷ್ಟೆ. ಈಗ ನಮ್ಮ ಗೆಳೆಯರಿಗೆ ಬೇಕಾದದ್ದು ಈ ಪಟ. ಚಂದ್ರ ಇಲ್ಲದ, ಬೆಳದಿಂಗಳು ಮಾತ್ರ ಇರುವ ಪಟ.

ನಮ್ಮಲ್ಲಿ ಹಿರಿಯರಿಗೆ ಬೆಳದಿಂಗಳಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಮಾರ್ಚ್ 21ರಂದು ಅಥವಾ ಅನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರ ಪಾಸ್ಖ ಹಬ್ಬ. ಹಾಗಾಗಿ ಪವಿತ್ರ ಗುರುವಾರ ಎಂದೂ ಹುಣ್ಣಿಮೆಯ ಆಚೀಚೆಯೇ ಬೀಳುತ್ತದೆ. ಕರೆಂಟು ಬರುವ ಮೊದಲಿನ ಕಾಲದಲ್ಲಿ ನಡುರಾತ್ರಿಯ ಆರಾಧನೆ ಮುಗಿಸಿ ಗುಡ್ಡೆ ಇಳಿದು ಮನೆಗೆ ನಡೆಯುವಾಗ ಸೂಟೆ ಉರಿಸುವ ಅಗತ್ಯವೇ ಬೀಳುತ್ತಿರಲಿಲ್ಲ ಎಂದು ಹಿರಿಯ ಬಾಯಮ್ಮಂದಿರು ಹೇಳುವುದನ್ನು ನಾವು ಕೇಳಿದ್ದೇವೆ. ಗೆತ್ಸೆಮನೆಯ ತೋಟದಲ್ಲೂ ಆ ರಾತ್ರಿ ಬೆಳದಿಂಗಳಿದ್ದಿರಬೇಕು. ಈಗ ನಾವು ಅದೇ ದಾರಿಯಲ್ಲಿ ಕಾರಿನ ದೀಪ ಹಾಕಿಕೊಂಡು ಹೋಗುತ್ತೇವೆ.

ಗ್ರಹಣದ ರಾತ್ರಿಯ ಮಾತಿಗೆ ಬಂದರೆ, ಗೆಳೆಯರಿಗೆ ನುಂಗಲಾರದ ಒಂದು ತುತ್ತಿತ್ತು. ಆ ದೀಪಗಳಲ್ಲಿ ಅರ್ಧದಷ್ಟನ್ನು ಏಣಿ ಹತ್ತಿ ಸಿಕ್ಕಿಸಿದವರು ಅವರೇ! ಗಲ್ಫಿನಿಂದ ಬಂದವರು ಮನೆ ಕಟ್ಟಿಸಿದರೆ ನಾಲ್ಕು ಮೂಲೆಗೂ ಫ್ಲಡ್‌ಲೈಟು ಬೇಕು. ಹಾಕಿ ಕೊಟ್ಟರೆ ಕೂಲಿ, ಹಾಕದಿದ್ದರೆ ಇನ್ನೊಬ್ಬರನ್ನು ಕರೆಯುತ್ತಾರೆ. ಮಗಳ ನರ್ಸಿಂಗ್ ಫೀಸು ಕಟ್ಟುವುದು ಆ ಕೂಲಿಯಿಂದ.

ದೀಪ ಬೇಡ ಎಂದು ಅವರು ಯಾರಿಗೂ ಹೇಳುವುದಿಲ್ಲ. ದೀಪದ ಮುಖ ಕೆಳಗೆ ಮಾಡಿ, ಮೇಲೊಂದು ತಗಡಿನ ಟೊಪ್ಪಿ ಇಡಿ, ಬಿಳಿಗಿಂತ ಹಳದಿ ಬಲ್ಬು ಹಾಕಿ, ಬೇಡವಾದಾಗ ಆರಿಸಿ, ಇಷ್ಟೇ ಅವರ ಮಾತು. ಇದು ಅವರ ಸ್ವಂತ ಸಂಶೋಧನೆಯಲ್ಲ. ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ದುರ್ಬೀನುಗಳಿವೆ. 2022ರಲ್ಲಿ ಅದನ್ನು ದೇಶದ ಮೊದಲ 'ಕತ್ತಲೆ ಆಕಾಶದ ಮೀಸಲು ಪ್ರದೇಶ' ಎಂದು ಘೋಷಿಸಿದರು. ಅಲ್ಲಿಯ ಹಳ್ಳಿಯವರು ದೀಪಗಳಿಗೆ ಮರೆ ಕಟ್ಟಿದ್ದಾರೆ, ನಕ್ಷತ್ರ ನೋಡಲು ಬರುವವರಿಂದ ಅವರಿಗೆ ನಾಲ್ಕು ಕಾಸೂ ಸಿಗುತ್ತದೆ. ಅಷ್ಟು ದೂರವೂ ಬೇಡ. ನಮ್ಮದೇ ಜಿಲ್ಲೆಯ ನೀಲೇಶ್ವರದ ತೈಕಡಪ್ಪುರದಲ್ಲಿ ಕಡಲಾಮೆಯ ಮೊಟ್ಟೆಗಳನ್ನು ಕಾಯುವವರಿದ್ದಾರೆ. ಮೊಟ್ಟೆಯೊಡೆದ ಮರಿಗಳು ಬೆಳಕಿರುವ ಕಡೆಗೆ ಓಡುತ್ತವೆ. ಸಾವಿರಾರು ವರ್ಷಗಳಿಂದ ರಾತ್ರಿಯ ಕಡಲತೀರದಲ್ಲಿ ಬೆಳಕು ಎಂದರೆ ನೀರಿನ ಮೇಲಿನ ಆಕಾಶ. ದಡದಲ್ಲಿ ಫ್ಲಡ್‌ಲೈಟು ಉರಿದರೆ ಮರಿ ರಸ್ತೆಗೆ ಬರುತ್ತದೆ. ಮಿಂಚುಹುಳಗಳಿಗೂ ಅದೇ ಪಾಡು. ಗಂಡು ಮಿನುಗಿದ್ದು ಹೆಣ್ಣಿಗೆ ಕಾಣದಿದ್ದರೆ ಮುಂದಿನ ವರ್ಷಕ್ಕೆ ಹುಳವೆಲ್ಲಿ?

ಈ ಮಾತೆಲ್ಲ ನಮ್ಮ ಪಾಲನಾ ಪರಿಷತ್ತಿಗೂ ಬಂತು. ದೇವಾಲಯದ ಮೈದಾನಕ್ಕೆ ನಾಲ್ಕು ಫ್ಲಡ್‌ಲೈಟು ಹಾಕಬೇಕೆಂದು ಠರಾವು. ಅಂದಾಜುಪಟ್ಟಿ ಕೇಳಿದ್ದು ಇವರಲ್ಲಿ. ಇವರು ಎರಡು ಪಟ್ಟಿ ತಂದರು: ಒಂದು ಎಲ್ಲರಿಗೂ ಕೊಡುವಂಥದ್ದು, ಇನ್ನೊಂದು ಟೊಪ್ಪಿಯ ದೀಪಗಳದ್ದು. ವಿವರಿಸುವಾಗ ಬೆಳದಿಂಗಳಿನ ಮಾತೂ ಬಂತು. ಸ್ತ್ರೀ ಸಂಘಟನೆಯ ಹಿರಿಯರೊಬ್ಬರು ಎದ್ದು ನಿಂತು, 'ಫಾದರ್, ಇವರಿಗೆ ಬೆಳದಿಂಗಳು ಬೇಕು. ನಮಗೆ ದಾರಿಯಲ್ಲಿ ಹಾವು ಮಲಗಿದೆಯೋ ಇಲ್ಲವೋ ಕಾಣಬೇಕು' ಎಂದರು. ಸಭೆ ನಕ್ಕಿತು. ನಾವು ನಗಲಿಲ್ಲ. ಸಂಜೆಯ ಪ್ರಾರ್ಥನೆ ಮುಗಿಸಿ ಒಂಟಿಯಾಗಿ ಮನೆಗೆ ನಡೆಯುವ ಹೆಂಗಸರ ಭಯ ಸಣ್ಣದಲ್ಲ. ಯಾರದೋ ಪಟಕ್ಕಾಗಿ ಅದನ್ನು ಬದಿಗೆ ಸರಿಸುವುದು ನ್ಯಾಯವಲ್ಲ. ಗೆಳೆಯರು ವಾದಕ್ಕೆ ಹೋಗಲಿಲ್ಲ. ಮರುವಾರ ಎರಡೂ ಬಗೆಯ ದೀಪವನ್ನು ತಾತ್ಕಾಲಿಕವಾಗಿ ಕಟ್ಟಿ, ದಾರಿಯ ಮೇಲೆ ಒಂದು ತುಂಡು ಹಗ್ಗ ಬಿಸಾಡಿ, ಆ ಅಮ್ಮನನ್ನೇ ನಡೆದು ಬರಲು ಹೇಳಿದರು. ಫ್ಲಡ್‌ಲೈಟು ಕಣ್ಣಿಗೆ ಹೊಡೆಯುವಾಗ ಹಗ್ಗ ಕಾಣಿಸಿದ್ದು ಕಾಲಬುಡಕ್ಕೆ ಬಂದ ಮೇಲೆ. ಟೊಪ್ಪಿಯ ದೀಪದಲ್ಲಿ ಹತ್ತು ಹೆಜ್ಜೆ ಮೊದಲೇ ಕಂಡಿತು. 'ಹಾಗಾದರೆ ದಾರಿಗೆ ಇದೇ ಇರಲಿ. ಆದರೆ ಒಂದಲ್ಲ, ನಾಲ್ಕು ಬೇಕು' ಎಂದು ಅವರು ತೀರ್ಪು ಕೊಟ್ಟರು. ಮೈದಾನಕ್ಕೆ ಮಾತ್ರ ವಾಲಿಬಾಲ್ ಆಡುವ ಹುಡುಗರು ಫ್ಲಡ್‌ಲೈಟನ್ನೇ ಹಿಡಿದು ಕುಳಿತರು. ರಾತ್ರಿ 9ರ ಮೇಲೆ ಆರಿಸುವುದೆಂದು ಒಪ್ಪಂದವಾಗಿದೆ. ಆರಿಸುವುದನ್ನು ಮರೆತ ದಿನಗಳೂ ಇವೆ.

ಹೋದ ತಿಂಗಳು ಗೆಳೆಯರು ಒಂದು ಹೊಸ ಪಟ ತಂದರು. ಹದಿನೆಂಟು ಸೆಕೆಂಡಿನದ್ದಂತೆ. ಅದೇ ಕಾಸರಕದ ಮರ, ಪಾರೆಯ ಮೇಲೆ ಅದರ ನೆರಳು, ಮೇಲೆ ಕೆಲವು ನಕ್ಷತ್ರ. ಚಂದ್ರ ಎಲ್ಲೂ ಇಲ್ಲ. ಬಲಗಡೆಯ ಮೂಲೆಯಲ್ಲಿ ಮಾತ್ರ ಮನೆಯೊಂದರ ಬಿಳಿ ದೀಪ ಕಣ್ಣು ಕುಕ್ಕುವಂತೆ ಉರಿಯುತ್ತಿತ್ತು. ಅದು ಯಾರ ಮನೆ ಎಂದು ಕೇಳಿದೆವು.

'ಮನೆ ಯಾರದ್ದೋ. ದೀಪ ನಾನೇ ಹಾಕಿದ್ದು' ಎಂದರು. ಬರುವ ಶನಿವಾರ ಏಣಿ ತೆಗೆದುಕೊಂಡು ಹೋಗುತ್ತಾರಂತೆ. ಟೊಪ್ಪಿಯ ತಗಡಿಗೆ ದುಡ್ಡು ಕೇಳುವುದಿಲ್ಲವೆಂದು ಮನೆಯಲ್ಲಿ ಇನ್ನೂ ಹೇಳಿಲ್ಲ.